ಹೈಸ್ಕೂಲಿನ ಒಡನಾಟ, ಕಾಲೇಜಿನ ಒಡನಾಟ

ಪ್ರತಿವರ್ಷವೂ ಮುಂಗಾರು ಕಾಲಿಡುವ ಹೊತ್ತಿಗೆ ನಮ್ಮ ನಾಡಿನ ಬಸ್ ನಿಲ್ದಾಣಗಳಲ್ಲಿ ಒಂದು ದೃಶ್ಯವು ಕಣ್ಣಿಗೆ ಬೀಳುತ್ತದೆ. ಹೊಸದಾಗಿ ಕೊಂಡ ಪೆಟ್ಟಿಗೆ, ಸುತ್ತಿ ಕಟ್ಟಿದ ಹಾಸಿಗೆ, ತಾಯಿ ಕಟ್ಟಿಕೊಟ್ಟ ರೊಟ್ಟಿ-ಚಟ್ನಿಪುಡಿಯ ಗಂಟು, ಇವುಗಳ ನಡುವೆ ಹದಿನಾರು ವರ್ಷದ ಹುಡುಗನೊಬ್ಬನು ತಂದೆಯ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾನೆ. ತಂದೆಯು ಹತ್ತು ಸಲ ಹೇಳಿದ ಮಾತನ್ನೇ ಹನ್ನೊಂದನೆಯ ಸಲ ಹೇಳುತ್ತಾನೆ: "ಅಭ್ಯಾಸದ ಮೇಲೆ ಲಕ್ಷ್ಯ ಇರಲಿ, ಕೆಟ್ಟ ಹುಡುಗರ ಸಂಗಡ ಸೇರಬೇಡಪ್ಪಾ." ಬಸ್ಸು ಬರುತ್ತದೆ, ಹುಡುಗನು ಹತ್ತುತ್ತಾನೆ. ಅಲ್ಲಿಗೆ ಆ ಕುಟುಂಬದ ಮಟ್ಟಿಗೆ ಒಂದು ದೊಡ್ಡ ಕಾರ್ಯವು ಮುಗಿಯಿತು. ಮಗನು ಕಾಲೇಜು ಸೇರಿದನು.

ಕಾರ್ಯವು ಮುಗಿದುದು ಅಲ್ಲಿ ಅಲ್ಲ, ಮೊದಲಾದುದು ಅಲ್ಲಿ ಎಂಬುದನ್ನು ಹೇಳುವುದಕ್ಕಾಗಿಯೇ ನಾವು ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ಕರ್ನಾಟಕದಲ್ಲಿ ವರ್ಷಂಪ್ರತಿ ಎಂಟು ಲಕ್ಷಕ್ಕೂ ಮಿಕ್ಕಿ ಬಾಲಕ ಬಾಲಕಿಯರು ಎಸ್. ಎಸ್. ಎಲ್. ಸಿ. ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಯಾವ ಜಿಲ್ಲೆಯು ಮೊದಲು ಬಂದಿತು, ಯಾವುದು ಕಡೆಯಲ್ಲಿ ನಿಂದಿತು ಎಂಬುದನ್ನು ಸರಕಾರವು ಲೆಕ್ಕ ಹಾಕಿ ಸಾರುತ್ತದೆ. ಪತ್ರಿಕೆಗಳು ಅಚ್ಚು ಹಾಕುತ್ತವೆ. ಆದರೆ ಆ ಮಕ್ಕಳು ಕಾಲೇಜಿನ ಬಾಗಿಲನ್ನು ದಾಟಿದ ಮೇಲೆ ಯಾರ ಬಳಿಯಲ್ಲಿ ಕುಳಿತುಕೊಳ್ಳುವರು, ಯಾರ ಸಂಗಡ ಉಣ್ಣುವರು, ಮನಸ್ಸಿಗೆ ನೋವಾದಾಗ ಯಾರಿಗೆ ಹೇಳಿಕೊಳ್ಳುವರು ಎಂಬ ಲೆಕ್ಕವನ್ನು ಯಾರೂ ಇಟ್ಟಂತೆ ಕಾಣುವುದಿಲ್ಲ. ಪಾಠದ ಬದಲಾವಣೆಯು ಎಲ್ಲರಿಗೂ ಕಾಣುತ್ತದೆ. ಒಡನಾಟದ ಬದಲಾವಣೆಯು ಯಾರಿಗೂ ಕಾಣುವುದಿಲ್ಲ. ಆದರೆ ವಿದ್ಯಾರ್ಥಿಯು ಕೆಡುವುದೂ ಬಾಳುವುದೂ ಬಹುಮಟ್ಟಿಗೆ ಈ ಎರಡನೆಯದರಿಂದಲೇ ಎಂಬುದನ್ನು ಅನುಭವಸ್ಥರಾರೂ ಅಲ್ಲಗಳೆಯಲಾರರು.

ಹೈಸ್ಕೂಲಿನ ಒಡನಾಟವು ಹುಡುಗನು ತಾನಾಗಿ ಗಳಿಸಿದುದಲ್ಲ. ಊರು ಅವನಿಗೆ ಕೊಟ್ಟುದು. ಅವನ ತರಗತಿಯಲ್ಲಿರುವ ನಲವತ್ತು ಮಕ್ಕಳೂ ಸುತ್ತಣ ನಾಲ್ಕಾರು ಹಳ್ಳಿಗಳವರು. ಯಾರ ಮನೆಯ ಎಮ್ಮೆ ಈದಿತು, ಯಾರ ಅಕ್ಕನ ಮದುವೆ ಗೊತ್ತಾಯಿತು ಎಂಬುದೆಲ್ಲವೂ ಒಬ್ಬರದು ಒಬ್ಬರಿಗೆ ತಿಳಿದಿರುತ್ತದೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಎತ್ತರವನ್ನು ನೋಡಿ ನಿಲ್ಲಿಸಿದವರು ಯಾರೋ. ಬೆಂಚಿನ ಮೇಲೆ ಕೂಡಿಸಿದವರು ಯಾರೋ. ಹುಡುಗನು ಎರಡು ದಿನ ಬಾರದಿದ್ದರೆ ಮೇಷ್ಟರು ಸಂತೆಯಲ್ಲಿ ತಂದೆಯನ್ನು ಕಂಡು "ಏನು, ಮಗನನ್ನು ಹೊಲಕ್ಕೆ ಹಚ್ಚಿದಿರೋ?" ಎಂದು ಕೇಳುತ್ತಾರೆ. ಜಗಳವಾದರೆ ಸಂಜೆಯೊಳಗೆ ಎರಡು ಮನೆಗಳಿಗೂ ಸುದ್ದಿ ಮುಟ್ಟುತ್ತದೆ. ಮಧ್ಯಾಹ್ನದ ಗಂಟೆ ಬಾರಿಸಿದರೆ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಎಲ್ಲರೂ ಒಂದೇ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಒಂದೇ ಪಾತ್ರೆಯ ಅನ್ನ-ಸಾರನ್ನು ಉಣ್ಣುತ್ತಾರೆ. ಹೀಗೆ ಕೂಡಿ ಬಾಳುವ ವ್ಯವಸ್ಥೆಯು ಅಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಹುಡುಗನು ಅದರಲ್ಲಿ ಇದ್ದರೆ ಸಾಕು. ಅದನ್ನು ಕಟ್ಟಬೇಕಾದ ಹೊಣೆ ಅವನದಲ್ಲ.

ಇದರಿಂದ ಹೈಸ್ಕೂಲು ನಿರ್ದೋಷವಾದ ನಂದನವನವೆಂದು ನಾವು ಹೇಳುವುದಿಲ್ಲ. ಊರಿನ ಕೇರಿಗಳ ಭೇದವು ಶಾಲೆಯ ಅಂಗಳಕ್ಕೂ ಬರುತ್ತದೆ. ಒಂದೇ ಸಾಲಿನಲ್ಲಿ ಉಂಡವರು ಸಂಜೆ ಒಬ್ಬರ ಮನೆಯ ಹೊಸಲನ್ನು ಒಬ್ಬರು ದಾಟುವುದಿಲ್ಲ. ಹುಡುಗಿಯರು ಒಂದು ಮಗ್ಗುಲು, ಹುಡುಗರು ಒಂದು ಮಗ್ಗುಲು, ನಡುವೆ ಮಾತಿಲ್ಲ. ಎಲ್ಲರ ಕಣ್ಣೂ ತನ್ನ ಮೇಲಿದೆಯೆಂಬ ಅಂಜಿಕೆಯಿಂದ ಎಷ್ಟೋ ಮಕ್ಕಳ ಸಹಜ ಬುದ್ಧಿಯು ಮುರುಟಿಹೋಗುವುದೂ ಉಂಟು. ಆದರೂ ಒಂದು ಗುಣವನ್ನು ಒಪ್ಪಲೇಬೇಕು. ಅಲ್ಲಿ ಒಬ್ಬನು ಒಂಟಿಯಾಗಿ ಉಳಿದರೆ ಅದು ಕೆಲವರಿಗಾದರೂ ತಿಳಿಯುತ್ತದೆ.

ಕಾಲೇಜಿನಲ್ಲಿ ಇದಾವುದೂ ಇಲ್ಲ. ಅಲ್ಲಿ ಯಾರನ್ನು ಯಾರ ಪಕ್ಕದಲ್ಲಿಯೂ ಯಾರೂ ಕೂಡಿಸುವುದಿಲ್ಲ. ನೂರು ಜನರ ತರಗತಿ. ಗಂಟೆಗೊಬ್ಬ ಉಪನ್ಯಾಸಕರು ಬರುತ್ತಾರೆ, ಹೋಗುತ್ತಾರೆ. ಹಾಜರಿ ಕೂಗುವಾಗ ಹೆಸರೂ ಇಲ್ಲ, ಬರಿಯ ಅಂಕೆ. ಬಿಡುವಿನ ಹೊತ್ತಿನಲ್ಲಿ ಎಲ್ಲಿಗೆ ಹೋದೆಯೆಂದು ಕೇಳುವವರಿಲ್ಲ. ಮೊದಲ ಕೆಲವು ದಿನ ಇದು ಹುಡುಗನಿಗೆ ದೊಡ್ಡ ಸ್ವಾತಂತ್ರ್ಯವಾಗಿ ತೋರುತ್ತದೆ. ಹತ್ತು-ಹದಿನೈದು ದಿನ ಕಳೆದ ಬಳಿಕ ಅದೇ ಸ್ವಾತಂತ್ರ್ಯವು ಭಾರವಾಗಿ ಕೂಡುತ್ತದೆ. ಏಕೆಂದರೆ ಗೆಳೆತನವನ್ನು ಇಲ್ಲಿ ಅವನೇ ಹುಡುಕಿಕೊಳ್ಳಬೇಕು, ಅವನೇ ಉಳಿಸಿಕೊಳ್ಳಬೇಕು, ಬೇಡವಾದುದನ್ನು ಅವನೇ ಬಿಡಬೇಕು. ಹೈಸ್ಕೂಲಿನಲ್ಲಿ ಒಡನಾಟವು ಹುಟ್ಟಿನಂತೆ ಬಂದುದು. ಕಾಲೇಜಿನಲ್ಲಿ ಅದು ಆಯ್ಕೆಯಿಂದ ಬರತಕ್ಕುದು. ಇವೆರಡರ ಭೇದವೆಲ್ಲವೂ ಈ ಒಂದು ಮಾತಿನಲ್ಲಿ ಅಡಕವಾಗಿದೆ.

ಆಯ್ಕೆಯು ಒಳ್ಳೆಯದೇ. ಮನುಷ್ಯನು ದೊಡ್ಡವನಾಗುವುದೆಂದರೆ ಆಯ್ಕೆ ಮಾಡುವುದನ್ನು ಕಲಿಯುವುದೇ ಅಲ್ಲವೆ? ಆದರೆ ಎಂತಹ ವಯಸ್ಸಿನಲ್ಲಿ, ಯಾರ ನೆರವಿನಿಂದ ಎಂಬ ಪ್ರಶ್ನೆಯು ಉಳಿಯುತ್ತದೆ. ದೇಶದ ಅನೇಕ ಪ್ರಾಂತಗಳಲ್ಲಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳು ಶಾಲೆಯಲ್ಲಿಯೇ ಇರುತ್ತವೆ. ಹದಿನೆಂಟು ತುಂಬುವವರೆಗೆ ಹುಡುಗನು ಶಾಲೆಯ ಹುಡುಗನೇ. ನಮ್ಮಲ್ಲಿ ಅವುಗಳಿಗೆ ಪದವಿಪೂರ್ವ ಕಾಲೇಜು ಎಂದು ಹೆಸರು. 1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ಯೋಜನೆಯಂತೆ ಹತ್ತು, ಎರಡು, ಮೂರು ಎಂಬ ಮೆಟ್ಟಿಲುಗಳು ದೇಶಕ್ಕೆಲ್ಲ ಸಮನಾದರೂ ನಡುವಣ ಆ ಎರಡು ವರ್ಷಗಳನ್ನು ನಾವು ಕಾಲೇಜಿನ ಕಡೆಗೆ ಸೇರಿಸಿಕೊಂಡೆವು. 2018ರ ಬಳಿಕ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್ಲ ತರಗತಿಗಳೂ ಒಂದೇ ಆವರಣದಲ್ಲಿವೆಯೆಂಬುದು ನಿಜ. ಆದರೆ ಅವು ಒಟ್ಟಿನಲ್ಲಿ ಕೆಲವೇ. ಮಿಕ್ಕ ಕಡೆ ಮಾರ್ಚ್ ತಿಂಗಳಿನಲ್ಲಿ ಮೇಷ್ಟರಿಗೆ ಅಂಜಿ ತಲೆತಗ್ಗಿಸುತ್ತಿದ್ದ ಮಗುವು ಜೂನ್ ತಿಂಗಳಿನಲ್ಲಿ "ಕಾಲೇಜು ವಿದ್ಯಾರ್ಥಿ"ಯೆನಿಸುತ್ತದೆ. ಹೆಸರು ಬದಲಾಯಿತೆಂದು ವಯಸ್ಸು ಬದಲಾಗುವುದೆ? ನಡುವೆ ಕಳೆದುದು ಎರಡು ತಿಂಗಳ ಬೇಸಿಗೆ ಮಾತ್ರ!

ಈ ಒಂದು ಹೆಸರಿನ ಕಾರಣದಿಂದ ಏನೇನು ನಿಂತುಹೋಗುತ್ತದೆ ನೋಡಿರಿ. ಮಧ್ಯಾಹ್ನದ ಊಟವು ಹತ್ತನೆಯ ತರಗತಿಗೆ ಕೊನೆಯಾಗುತ್ತದೆ, ಹನ್ನೊಂದನೆಯದಕ್ಕೆ ಇಲ್ಲ. ಹಸಿವು ಮಾತ್ರ ಹತ್ತನೆಯ ತರಗತಿಗೆ ಮುಗಿಯುವುದಿಲ್ಲ. ಕಾಲೇಜಿನಲ್ಲಿ ಹಣವುಳ್ಳವನು ಕ್ಯಾಂಟೀನಿಗೆ ಹೋಗುತ್ತಾನೆ. ಬುತ್ತಿ ತಂದವನು ಮರದ ಕೆಳಗೆ ಬಿಚ್ಚುತ್ತಾನೆ. ಎರಡೂ ಇಲ್ಲದವನು ಗ್ರಂಥಾಲಯದಲ್ಲಿ ಕುಳಿತು ಪುಸ್ತಕದ ಹಾಳೆ ತಿರುವುತ್ತಾನೆ. ಎಳೆಯಂದಿನಿಂದ ಒಂದೇ ಸಾಲಿನಲ್ಲಿ ಉಂಡ ಮಕ್ಕಳು ಒಂದೇ ದಿನದಲ್ಲಿ ಮೂರು ಪಂಗಡವಾದರು. ಇದನ್ನು ಯಾರೂ ಆಜ್ಞೆಮಾಡಿ ನಡೆಸಲಿಲ್ಲ. ಯಾರೂ ತಡೆಯಲೂ ಇಲ್ಲ. ಪಂಕ್ತಿಭೇದವನ್ನು ಖಂಡಿಸಿ ಭಾಷಣ ಮಾಡುವ ನಾವು, ಹಣದ ಪಂಕ್ತಿಭೇದವು ನಮ್ಮ ಕಣ್ಣೆದುರಿಗೇ ಹುಟ್ಟುವುದನ್ನು ನೋಡಿಯೂ ಸುಮ್ಮನಿದ್ದೇವೆ.

ಎರಡನೆಯ ಭೇದವು ಭಾಷೆಯದು. ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಕಲಿತು ಊರಿಗೇ ಮೊದಲಿಗನೆನಿಸಿದ ಹುಡುಗನು ವಿಜ್ಞಾನದ ಪಿ. ಯು. ಸಿ. ತರಗತಿಗೆ ಬಂದು ಕುಳಿತರೆ ಮೊದಲನೆಯ ದಿನದಿಂದಲೇ ಪಾಠವೆಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತದೆ. ದ್ಯುತಿಸಂಶ್ಲೇಷಣೆಯನ್ನು ಅವನು ಚೆನ್ನಾಗಿ ಬಲ್ಲನು. ಆದರೆ ಉಪನ್ಯಾಸಕರು ಅದರ ಇಂಗ್ಲಿಷ್ ಹೆಸರನ್ನು ಹೇಳಿದರೆ ಅದೇ ಇದು ಎಂದು ತಿಳಿಯುವುದಕ್ಕೆ ವಾರ ಬೇಕಾಗುತ್ತದೆ. ಅಷ್ಟರಲ್ಲಿ ಪಾಠವು ಎರಡು ಅಧ್ಯಾಯ ಮುಂದೆ ಹೋಗಿರುತ್ತದೆ. ಸಂದೇಹವನ್ನು ಕೇಳೋಣವೆಂದರೆ ಕೇಳುವ ಮಾತು ಬಾರದು. ತಪ್ಪಾಗಿ ಕೇಳಿದರೆ ಹಿಂದಿನ ಬೆಂಚಿನಲ್ಲಿ ನಗೆ. ಒಂದು ಸಲ ನಗೆಗೆ ಗುರಿಯಾದವನು ವರ್ಷವೆಲ್ಲ ಬಾಯಿ ತೆರೆಯುವುದಿಲ್ಲ. ಹೀಗೆ ಪಾಠದಲ್ಲಿ ಹುಟ್ಟಿದ ಮೌನವು ಬಿಡುವಿನ ಹೊತ್ತಿಗೂ ಹಬ್ಬುತ್ತದೆ. ಕನ್ನಡ ಮಾಧ್ಯಮದವರು ಒಂದು ಗುಂಪು, ಇಂಗ್ಲಿಷ್ ಮಾಧ್ಯಮದವರು ಒಂದು ಗುಂಪು. ಒಬ್ಬರಿಗೆ ಇನ್ನೊಬ್ಬರು ಗರ್ವಿಷ್ಠರು, ಇನ್ನೊಬ್ಬರಿಗೆ ಇವರು ದಡ್ಡರು. ನಿಜವಾಗಿ ಅವರು ಗರ್ವಿಷ್ಠರೂ ಅಲ್ಲ, ಇವರು ದಡ್ಡರೂ ಅಲ್ಲ. ಕನ್ನಡ ನಾಡಿನ ಕಾಲೇಜಿನಲ್ಲಿ ಕನ್ನಡ ಬಲ್ಲ ಹುಡುಗನು ತನ್ನ ಭಾಷೆಗಾಗಿ ನಾಚಿಕೊಳ್ಳುವಂತಾದರೆ ಆ ನಾಚಿಕೆಯು ಅವನದಲ್ಲ, ನಮ್ಮದು.

ಮೂರನೆಯ ಭೇದವು ಎಲ್ಲಕ್ಕಿಂತ ಹಳೆಯದು. ಹೊಸ ಊರಿನಲ್ಲಿ ಗೆಳೆಯರನ್ನು ಹುಡುಕಬೇಕಾದ ಹುಡುಗನು, ನೆರವಿಲ್ಲದಿದ್ದರೆ, ಹತ್ತಿರದ ದಾರಿಯನ್ನೇ ಹಿಡಿಯುತ್ತಾನೆ. ತನ್ನ ಜಿಲ್ಲೆಯವನು, ತನ್ನ ಜಾತಿಯವನು, ತನ್ನಂತೆ ಮಾತನಾಡುವವನು ಯಾರೆಂದು ನೋಡುತ್ತಾನೆ. ಇದು ದುಷ್ಟತನವಲ್ಲ, ಅಂಜಿಕೆ. ಜಾತಿಯ ವಿದ್ಯಾರ್ಥಿನಿಲಯಗಳನ್ನು ಕುರಿತು ಆಡುವಾಗ ನಾವು ನ್ಯಾಯವನ್ನು ಬಿಡಬಾರದು. ಬಡ ಹುಡುಗರು ದಿನಕ್ಕೊಂದು ಮನೆಯಂತೆ ಉಂಡು ಓದುತ್ತಿದ್ದ ಕಾಲವೊಂದಿತ್ತು. ಆ ವಾರಾನ್ನವೂ ಎಲ್ಲ ಜಾತಿಯ ಹುಡುಗರಿಗೆ ದೊರೆಯುತ್ತಿರಲಿಲ್ಲ. ಅಂತಹ ದಿನಗಳಲ್ಲಿ ಮಠಗಳೂ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂತಹ ಸಂಸ್ಥೆಗಳೂ ನಿಲಯಗಳನ್ನು ತೆರೆದು, ತಲೆಮಾರುಗಳಿಂದ ಅಕ್ಷರವನ್ನು ಕಾಣದಿದ್ದ ಮನೆಗಳ ಮಕ್ಕಳಿಗೆ ಅನ್ನವನ್ನಿಟ್ಟುವು. ತುಮಕೂರಿನ ಬಳಿಯ ಸಿದ್ಧಗಂಗೆಯಂತಹ ಮಠಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳನ್ನು ಸಾಕಿದುದನ್ನು ನಾಡೇ ಬಲ್ಲುದು. ಈ ಉಪಕಾರವನ್ನು ಮರೆಯುವವನು ಕೃತಘ್ನನು. ಆದರೆ ಅನ್ನಕ್ಕಾಗಿ ಕಟ್ಟಿದ ಮನೆಯು ಒಡನಾಟಕ್ಕೆ ಗೋಡೆಯಾಗಬಾರದು. ಹಗಲು ತರಗತಿಯಲ್ಲಿ ಒಂದೇ ಬೆಂಚು, ರಾತ್ರಿ ಜಾತಿಗೊಂದು ಸೂರು ಎಂದಾದರೆ, ಐದು ವರ್ಷ ಕಾಲೇಜಿನಲ್ಲಿದ್ದರೂ ಹುಡುಗನು ತನ್ನ ಕೇರಿಯನ್ನು ಬಿಟ್ಟು ಹೊರಗೆ ಬಂದಂತಾಗಲಿಲ್ಲ.

ಈ ಗೋಡೆಗಳ ಫಲವನ್ನು ನಾವು ಒಮ್ಮೆ ಕಣ್ಣಾರೆ ಕಂಡಿದ್ದೇವೆ. 1973ರ ನವೆಂಬರಿನಲ್ಲಿ ಅಂದಿನ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಕುರಿತು ಆಡಿದ "ಬೂಸಾ" ಎಂಬ ಒಂದು ಮಾತಿಗೆ ನಾಡಿನ ಕಾಲೇಜುಗಳಲ್ಲಿ ಗಲಭೆ ಎದ್ದಿತು. ಮಾತಿನ ಸರಿತಪ್ಪುಗಳನ್ನು ಮಾತಿನಿಂದಲೇ ತೀರ್ಮಾನಿಸಬಹುದಾಗಿತ್ತು. ಹಾಗಾಗಲಿಲ್ಲ. ಒಂದೇ ತರಗತಿಯಲ್ಲಿ ಕುಳಿತು ಓದುತ್ತಿದ್ದ ವಿದ್ಯಾರ್ಥಿಗಳು ಜಾತಿಯ ಗೆರೆಯ ಆಚೆ ಈಚೆ ನಿಂತರು. ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಿದ ಪ್ರಸಂಗಗಳು ನಡೆದುವು. ಸಚಿವರು ರಾಜೀನಾಮೆಯನ್ನು ಕೊಡಬೇಕಾಯಿತು. ಆ ನೋವಿನೊಳಗಿಂದಲೇ ದಲಿತ ಚಳವಳಿಯು ನಮ್ಮಲ್ಲಿ ಬಲಗೊಂಡಿತೆಂಬುದು ಬೇರೆಯ ಮಾತು. ನಾವು ಇಲ್ಲಿ ಕೇಳುವುದು ಇಷ್ಟೇ: ವರ್ಷಗಟ್ಟಲೆ ಜೊತೆಗೆ ಓದಿದವರು ಒಂದು ದಿನದ ಸಿಟ್ಟಿಗೆ ಹೀಗೆ ಒಡೆದುಹೋದರೆಂದರೆ, ಅವರು ನಿಜವಾಗಿ ಜೊತೆಗೆ ಇದ್ದರೇ?

ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವ ರ್‍ಯಾಗಿಂಗ್ ಎಂಬ ಅನಿಷ್ಟವೂ ಇದೇ ಬರಿದಾದ ಜಾಗದಲ್ಲಿ ಬೆಳೆದುದು. ಹೊಸಬನನ್ನು ಬರಮಾಡಿಕೊಳ್ಳುವ ಕೆಲಸವನ್ನು ಸಂಸ್ಥೆಯು ಮಾಡದಿದ್ದರೆ ಪುಂಡರು ಮಾಡುತ್ತಾರೆ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ಇದನ್ನು ಅಪರಾಧವೆಂದಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಗಳನ್ನು ಕೊಟ್ಟಿತು. 2009ರ ಮಾರ್ಚ್ ತಿಂಗಳಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿಯೊಬ್ಬನು ಹಿರಿಯರ ಹೊಡೆತಗಳಿಂದ ಪ್ರಾಣವನ್ನು ನೀಗಿದ ಮೇಲೆ ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಈಗ ಪ್ರತಿ ವಿದ್ಯಾರ್ಥಿಯಿಂದಲೂ ಪ್ರತಿಜ್ಞಾಪತ್ರವನ್ನು ಬರೆಯಿಸಿಕೊಳ್ಳುತ್ತಾರೆ; ಗೋಡೆಗಳ ಮೇಲೆ ಎಚ್ಚರಿಕೆಯ ಫಲಕಗಳಿವೆ. ಇವೆಲ್ಲವೂ ಬೇಕಾದುವೇ. ಆದರೆ ಕಾನೂನು "ಹೊಡೆಯಬೇಡ" ಎಂದು ಹೇಳಬಲ್ಲುದು. "ಬಾ, ಕುಳಿತುಕೋ" ಎಂದು ಹೇಳಲಾರದು. ಆ ಎರಡನೆಯ ಮಾತನ್ನು ಹೇಳತಕ್ಕವರು ಮನುಷ್ಯರು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಬದಲಾವಣೆಯು ಇನ್ನೂ ಕಠಿನ. ಹೈಸ್ಕೂಲು ಊರಿನಲ್ಲಿಯೇ ಇದ್ದುದರಿಂದ ಆಕೆಯು ಓದಿದಳು. ಕಾಲೇಜು ಹತ್ತು ಮೈಲಿ ದೂರದ ಪಟ್ಟಣದಲ್ಲಿದೆಯೆಂದಾಗ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ಬಾಲ್ಯವಿವಾಹವು ಮೂಲತಃ ಅಸಿಂಧುವೆಂದು ಕರ್ನಾಟಕವು ತಿದ್ದುಪಡಿ ಮಾಡಿಕೊಂಡಿದ್ದರೂ ಹದಿನೆಂಟು ತುಂಬುವುದನ್ನು ಕಾಯಲಾರದ ತಂದೆತಾಯಿಗಳು ಇಂದಿಗೂ ಇದ್ದಾರೆ. 2023ರ ಜೂನ್ 11ರಂದು ಮೊದಲಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಚಿಂತೆ ತಪ್ಪಿ ಕಾಲೇಜಿನ ದಾರಿಯು ಸುಲಭವಾಯಿತೆಂಬುದು ಸಂತೋಷದ ಮಾತು. ಆದರೆ ಬಸ್ಸು ಆಕೆಯನ್ನು ಕಾಲೇಜಿನ ಬಾಗಿಲಿಗೆ ಮುಟ್ಟಿಸುತ್ತದೆ, ಒಳಗಿನ ಬಾಳಿಗಲ್ಲ. ಮೂರು ಗಂಟೆಗೆ ತರಗತಿ ಮುಗಿದರೆ ಮೂರೂವರೆಯ ಬಸ್ಸನ್ನು ಹಿಡಿಯಬೇಕು. ಚರ್ಚಾಕೂಟವೂ ಆಟವೂ ನಾಟಕವೂ ನಾಲ್ಕು ಗಂಟೆಯ ಮೇಲೆ ನಡೆಯುತ್ತವೆ. ಸಹಪಾಠಿಯೊಡನೆ ಪಾಠದ ಒಂದು ಮಾತನ್ನು ಆಡಿದರೆ ಅದು ಆಕೆಗಿಂತ ಮೊದಲು ಊರನ್ನು ಮುಟ್ಟುತ್ತದೆ. ಹುಡುಗನಿಗೆ ಕಾಲೇಜು ಕೊಡುವ ಒಡನಾಟದ ಅರ್ಧವೂ ಹುಡುಗಿಗೆ ದೊರೆಯದಿದ್ದರೆ ಆಕೆಯು ಪಡೆದ ಪದವಿಯು ಅರ್ಧ ಪದವಿಯೇ ಸರಿ.

ಈಗ ಎಲ್ಲ ಮಕ್ಕಳ ಕೈಯಲ್ಲಿಯೂ ಮೊಬೈಲ್ ಇದೆ. ಒಂಟಿತನವೆಲ್ಲಿಯದು ಎಂದು ಕೆಲವರು ಕೇಳಬಹುದು. ನಾವು ಆ ಯಂತ್ರದ ವೈರಿಗಳಲ್ಲ. ಊರಿನ ಹಳೆಯ ಗೆಳೆಯರೊಡನೆ ಸಂಬಂಧವು ಕಡಿಯದಂತೆ ಅದು ಕಾಪಾಡುತ್ತದೆ. ತಾಯಿಯ ದನಿಯನ್ನು ದಿನವೂ ಕೇಳಿಸುತ್ತದೆ. ಆದರೆ ಹಳೆಯ ಗೆಳೆಯರು ಕೈಯೊಳಗೇ ಇರುವುದರಿಂದ ಪಕ್ಕದಲ್ಲಿ ಕುಳಿತ ಹೊಸಬನ ಹೆಸರನ್ನು ಕೇಳುವ ಅವಶ್ಯಕತೆಯೇ ತೋರುವುದಿಲ್ಲ. ವಾಟ್ಸಾಪ್ ಗುಂಪುಗಳೂ ಸಹ ಊರಿನ ಕೇರಿಗಳಂತೆಯೇ ಒಡೆದುಕೊಂಡಿವೆ. ನಾಲ್ವರು ಒಂದೇ ಕಟ್ಟೆಯ ಮೇಲೆ ಕುಳಿತು ನಾಲ್ಕು ಕಡೆಗೆ ನೋಡುವ ಒಡನಾಟವು ಒಡನಾಟವಲ್ಲ.

ಹಾಗಾದರೆ ಕಾಲೇಜಿನ ಬಾಳು ಕೆಟ್ಟುದೇ? ಎಂದಿಗೂ ಅಲ್ಲ. ಹೈಸ್ಕೂಲು ಕೊಡಲಾರದುದನ್ನು ಅದು ಕೊಡಬಲ್ಲುದು ಎಂಬ ನಂಬಿಕೆಯಿಂದಲೇ ನಾವು ಇಷ್ಟು ಮಾತನ್ನಾಡುತ್ತಿದ್ದೇವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಕರ್ನಾಟಕ ಸಂಘವು ನಡೆದು, ಅದರಿಂದ 1919ರ ಸುಮಾರಿಗೆ "ಪ್ರಬುದ್ಧ ಕರ್ನಾಟಕ"ವೆಂಬ ಪತ್ರಿಕೆಯು ಹೊರಟಿತು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತಲೂ ನೆರೆದ ಗೆಳೆಯರ ಗುಂಪಿನಲ್ಲಿ, 1917ರಲ್ಲಿ ತೆರೆದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿ. ಕೃ. ಗೋಕಾಕರೂ ಸೇರಿದರು. ಈ ಕೂಟಗಳನ್ನು ಪಠ್ಯಕ್ರಮವು ವಿಧಿಸಿರಲಿಲ್ಲ, ಪರೀಕ್ಷೆಯು ಕೇಳಿರಲಿಲ್ಲ. ಒಂದೇ ಹಂಬಲವುಳ್ಳವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಸೇರಿದರು. ಆದರೆ ಆ ಸೇರುವಿಕೆಗೆ ನಡುವೆ ಒಬ್ಬ ಹಿರಿಯರಿದ್ದರು ಎಂಬುದನ್ನು ವಾಚಕರು ಗಮನಿಸಬೇಕು.

ಎಚ್. ನರಸಿಂಹಯ್ಯನವರ ಬಾಳು ಈ ಎರಡು ಘಟ್ಟಗಳನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗನಾಗಿ 1935ರಲ್ಲಿ ಅವರು ಬೆಂಗಳೂರಿನ ನ್ಯಾಶನಲ್ ಹೈಸ್ಕೂಲನ್ನು ಸೇರುವುದಕ್ಕೆ ಕಾಲ್ನಡಿಗೆಯಿಂದ ಬಂದರು. 1936ರಲ್ಲಿ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿಯ ಮಾತನ್ನು ಕನ್ನಡಿಸುವ ಭಾಗ್ಯವು ಈ ಬಾಲಕನದಾಯಿತು. ಅದು ಹೈಸ್ಕೂಲು ಕೊಟ್ಟ ಅವಕಾಶ. ಹಿರಿಯರು ನಿಲ್ಲಿಸಿದ ಸ್ಥಾನದಲ್ಲಿ ಹುಡುಗನು ನಿಂತನು. 1942ರಲ್ಲಿ ಅದೇ ಹುಡುಗನು ಸೆಂಟ್ರಲ್ ಕಾಲೇಜಿನ ಓದನ್ನು ಬಿಟ್ಟು ಚಳವಳಿಗಿಳಿದು ಸೆರೆಮನೆಯನ್ನು ಸೇರಿದನು. ಅಲ್ಲಿಗೆ ಅವನನ್ನು ಯಾವ ಮೇಷ್ಟರೂ ಕಳುಹಿಸಿರಲಿಲ್ಲ. ಅವನೇ ಆರಿಸಿಕೊಂಡ ದಾರಿ, ಅವನೇ ಆರಿಸಿಕೊಂಡ ಸಂಗಾತಿಗಳು. ಮುಂದೆ ಅವರು ನ್ಯಾಶನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ಹುಡುಗರ ನಡುವೆ ಬಾಳಿದರು. ಒಡನಾಟವನ್ನು ಕಲಿಸುವುದಕ್ಕೆ ಇದಕ್ಕಿಂತ ಮಿಗಿಲಾದ ಪಾಠವುಂಟೆ? ಎಲ್ಲ ಉಪನ್ಯಾಸಕರೂ ಹಾಗೆ ಬಾಳಲೆಂದು ನಾವು ಬಯಸುವುದು ಅತಿಯಾದೀತು. ವಾರಕ್ಕೆ ಒಂದು ಗಂಟೆಯನ್ನಾದರೂ ಕೊಡಲೆಂದು ಬೇಡುವುದು ಅತಿಯಲ್ಲ.

ಈ ವಿಷಯವು ದೇಶಹಿತಕ್ಕೆ ಸಂಬಂಧಿಸಿದುದೆಂದು ನಾವು ಹೇಳುವುದಕ್ಕೆ ಕಾರಣವಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೈಸ್ಕೂಲಿನ ಹುಡುಗನು ಮಗು. ಅದೇ ಹುಡುಗನು ಎರಡು-ಮೂರು ವರ್ಷಗಳಲ್ಲಿ, ಕಾಲೇಜಿನಲ್ಲಿರುವಾಗಲೇ, ನಾಡನ್ನಾಳುವವರನ್ನು ಆರಿಸುವ ಮತದಾರನಾಗುತ್ತಾನೆ. ಗೆಳೆಯರನ್ನು ಆರಿಸುವಾಗ ಜಾತಿಯನ್ನೂ ಹಣವನ್ನೂ ನೋಡುವುದನ್ನು ಕಲಿತವನು ಶಾಸಕನನ್ನು ಆರಿಸುವಾಗ ಬೇರೆ ಏನನ್ನು ನೋಡಿಯಾನು? ಮೈಸೂರು ಚಲೋ ಚಳವಳಿಯಲ್ಲಿ 1947ರಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಮೈಸೂರಿನ ಒಂದು ವೃತ್ತವು ಇಂದಿಗೂ ಹೊತ್ತುಕೊಂಡಿದೆ. ಜವಾಬ್ದಾರಿ ಸರಕಾರವು ಬೇಕೆಂದು ಆ ಪೀಳಿಗೆಯವರು ಪ್ರಾಣವನ್ನು ಕೊಟ್ಟರು. ಆ ಸರಕಾರವನ್ನು ಉಳಿಸಿಕೊಳ್ಳತಕ್ಕ ಪ್ರಜೆಗಳು ತಯಾರಾಗುವುದು ಕಾಲೇಜಿನ ಕಟ್ಟೆಗಳ ಮೇಲೆ.

ಆದುದರಿಂದ ನಾವು ಅಧಿಕಾರಿಗಳ ಮುಂದೆಯೂ ಸಂಸ್ಥೆಗಳನ್ನು ನಡೆಸುವವರ ಮುಂದೆಯೂ ಕೆಲವು ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಪದವಿಪೂರ್ವ ಕಾಲೇಜಿಗೆ ಸೇರಿದ ಹದಿನೈದು ದಿನಗಳೊಳಗೆ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬ ಉಪನ್ಯಾಸಕರಿಗೆ ಒಪ್ಪಿಸಬೇಕು. ವಾರಕ್ಕೊಮ್ಮೆ ಅವರು ಕೂಡಬೇಕು; ಅಲ್ಲಿ ಪಾಠದ ಮಾತು ಬೇಡ, ಬಾಳಿನ ಮಾತು ಸಾಕು. ಎರಡನೆಯದಾಗಿ, ಸರಕಾರಿ ವಿದ್ಯಾರ್ಥಿನಿಲಯಗಳಲ್ಲಿ ಒಂದೊಂದು ಕೊಠಡಿಗೆ ಬೇರೆ ಬೇರೆ ತಾಲ್ಲೂಕು, ಬೇರೆ ಬೇರೆ ಸಮಾಜ, ಬೇರೆ ಬೇರೆ ಮಾಧ್ಯಮಗಳ ಮಕ್ಕಳನ್ನು ಹಂಚಬೇಕು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಸಮಾಜಗಳವರು ನಡೆಸುವ ನಿಲಯಗಳೂ ತಮ್ಮ ಸ್ಥಾನಗಳಲ್ಲಿ ಒಂದು ಪಾಲನ್ನು ಇತರರಿಗೆ ತೆರೆದಿಟ್ಟರೆ ಅವರ ಕೀರ್ತಿಯು ಹೆಚ್ಚುವುದೇ ಹೊರತು ಕುಂದುವುದಿಲ್ಲ. ಮೂರನೆಯದಾಗಿ, ವಿಜ್ಞಾನದ ತರಗತಿಗಳಲ್ಲಿ ಮೊದಲ ಎರಡು ತಿಂಗಳು ಪಾರಿಭಾಷಿಕ ಶಬ್ದಗಳನ್ನು ಎರಡು ಭಾಷೆಗಳಲ್ಲಿಯೂ ಹೇಳಬೇಕು. ಕನ್ನಡದಲ್ಲಿ ಸಂದೇಹವನ್ನು ಕೇಳುವ ಹಕ್ಕು ವರ್ಷವೆಲ್ಲ ಇರಬೇಕು. ನಾಲ್ಕನೆಯದಾಗಿ, ಮಧ್ಯಾಹ್ನದ ಊಟವನ್ನು ಸರಕಾರಿ ಪದವಿಪೂರ್ವ ಕಾಲೇಜುಗಳಿಗೂ ವಿಸ್ತರಿಸಬೇಕು. ನಿಲಯದಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಗಳಂತೆ ಹತ್ತು ತಿಂಗಳು ಸಹಾಯ ನೀಡುವ ವಿದ್ಯಾಸಿರಿ ಯೋಜನೆಯನ್ನು 2013ರಲ್ಲಿ ತಂದ ನಾಡಿಗೆ ಇದು ಅಸಾಧ್ಯವಲ್ಲ. ಐದನೆಯದಾಗಿ, ಆಟ, ಚರ್ಚೆ, ನಾಟಕಗಳಿಗೆ ಹಗಲಿನಲ್ಲಿಯೇ ಒಂದು ಗಂಟೆಯನ್ನು ಮೀಸಲಿಡಬೇಕು. ಹಾಗಾದರೆ ಬಸ್ಸಿಗೆ ಓಡುವ ಹುಡುಗಿಯೂ ಅದರಲ್ಲಿ ಪಾಲ್ಗೊಂಡಾಳು. ಗಾಂಧಿ ಶತಾಬ್ದಿಯ ವರ್ಷವಾದ 1969ರಲ್ಲಿ ಮೊದಲಾದ ರಾಷ್ಟ್ರೀಯ ಸೇವಾ ಯೋಜನೆಯ ಹಳ್ಳಿಯ ಶಿಬಿರಗಳಲ್ಲಿ ಏಳು ದಿನ ಕೂಡಿ ಅಡಿಗೆ ಮಾಡಿ, ಕೂಡಿ ಮಣ್ಣು ಹೊತ್ತವರು ಒಬ್ಬರನ್ನೊಬ್ಬರು ಅರಿಯುವಷ್ಟು ಮೂರು ವರ್ಷ ಒಂದೇ ತರಗತಿಯಲ್ಲಿ ಕುಳಿತವರು ಅರಿಯುವುದಿಲ್ಲ. ಅಂತಹ ಶಿಬಿರವು ಕೆಲವರಿಗೆ ಮಾತ್ರವಾಗದೆ ಎಲ್ಲರಿಗೂ ದೊರೆಯಬೇಕು.

ಇದಕ್ಕೆಲ್ಲ ಜನವೆಲ್ಲಿ ಎಂದು ಅಧಿಕಾರಿಗಳು ಕೇಳಿಯಾರು. ಆ ಪ್ರಶ್ನೆಯು ಸುಳ್ಳಲ್ಲ. ನಮ್ಮ ಸರಕಾರಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಡೆಯುತ್ತಿವೆ. ಬರುವ ವರ್ಷ ತಾನೇ ಇರುವೆನೋ ಇಲ್ಲವೋ ಎಂದು ತಿಳಿಯದ ಗುರುವು ಶಿಷ್ಯನ ಮುಂದಿನ ಬಾಳನ್ನು ಕುರಿತು ಯೋಚಿಸುವುದೆಂತು? ಕಾಲೇಜಿನಲ್ಲಿ ಹಿರಿಯರೊಬ್ಬರು ನೆಲೆನಿಲ್ಲಬೇಕೆಂದರೆ ಅವರ ಕೆಲಸವೂ ನೆಲೆನಿಲ್ಲಬೇಕು. ಖಾಲಿಯಿರುವ ಸ್ಥಾನಗಳನ್ನು ತುಂಬುವುದು ಸರಕಾರದ ಮೊದಲನೆಯ ಕರ್ತವ್ಯ.

ತಂದೆತಾಯಿಗಳಿಗೆ ನಮ್ಮ ಬಿನ್ನಹವು ಚಿಕ್ಕದು. "ಕೆಟ್ಟವರ ಸಂಗಡ ಸೇರಬೇಡ" ಎಂಬ ಮಾತು ಅರ್ಧವೇ ಬುದ್ಧಿವಾದ. ಯಾರ ಸಂಗಡ ಸೇರಬೇಕೆಂಬ ಮಿಕ್ಕ ಅರ್ಧವನ್ನೂ ಹೇಳಿರಿ. ಮಗನು ದೀಪಾವಳಿಗೆ ಊರಿಗೆ ಬಂದಾಗ ಎಷ್ಟು ಅಂಕ ಬಂದಿತೆಂದು ಕೇಳುವ ಮೊದಲು, ಗೆಳೆಯರು ಯಾರೆಂದು ಕೇಳಿರಿ. ಅವನು ಬೇರೆ ಕೇರಿಯ, ಬೇರೆ ಮತದ ಗೆಳೆಯನೊಬ್ಬನನ್ನು ಸಂಗಡ ಕರೆದುಕೊಂಡು ಬಂದರೆ ಆ ಗೆಳೆಯನ ಎಲೆಯನ್ನು ಮಗನ ಎಲೆಯ ಪಕ್ಕದಲ್ಲಿಯೇ ಹಾಕಿರಿ. ಕಾಲೇಜು ಹೇಳಿದ ನೂರು ಪಾಠಗಳನ್ನು ನಿಮ್ಮ ಮನೆಯ ಆ ಒಂದು ಎಲೆಯು ನಿಜ ಮಾಡಬಲ್ಲುದು, ಸುಳ್ಳೂ ಮಾಡಬಲ್ಲುದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಹೈಸ್ಕೂಲಿನ ಗೆಳೆಯರನ್ನು ಮರೆಯಬೇಡಿರಿ. ಅವರು ನಿಮ್ಮ ಬೇರು. ಆದರೆ ಬೇರನ್ನೇ ಹಿಡಿದುಕೊಂಡು ಕುಳಿತರೆ ಮರವು ಬೆಳೆಯಲಾರದು. ತರಗತಿಯಲ್ಲಿ ಕಡೆಯ ಬೆಂಚಿನ ಮೂಲೆಯಲ್ಲಿ ಯಾರೊಡನೆಯೂ ಮಾತನಾಡದೆ ಕುಳಿತ ಒಬ್ಬನು ಇದ್ದೇ ಇರುತ್ತಾನೆ. ಊರಿನಲ್ಲಾಗಿದ್ದರೆ ಅವನು ಏಕೆ ಹಾಗಿದ್ದಾನೆಂದು ಯಾರಾದರೂ ಕೇಳುತ್ತಿದ್ದರು. ಇಲ್ಲಿ ಕೇಳುವವರು ನೀವೇ. ನಾಳೆ ಬೆಳಗ್ಗೆ ಅವನ ಪಕ್ಕದಲ್ಲಿ ಹೋಗಿ ಕುಳಿತು ಅವನ ಊರಿನ ಹೆಸರನ್ನು ಕೇಳಿರಿ.